ಗಂಟೆಗೊಮ್ಮೆ ಬರೆದ ನಿದ್ದೆ

ನಮ್ಮ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಆಗಾಗ ಬಸವೇಶ್ವರನಗರದ ನನ್ನ ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ನಿಮಗೆ ಭಯ ಆಗ್ತಿರ್ಲಿಲ್ವಾ?" ಮಾನಸಿಕ ಚಿಕಿತ್ಸಾಲಯದಲ್ಲಿ ಮೂವತ್ತೊಂದು ವರ್ಷ ದುಡಿದವಳು ಎಂದರೆ ನಾನು ಹುಲಿಯ ಬೋನಿನೊಳಗೆ ಹೋಗಿ ಬಂದವಳ ಹಾಗೆ ಕಾಣುತ್ತೇನೋ ಏನೋ. ನಿಜ ಹೇಳುತ್ತೇನೆ, ನಾನು ಹೆದರಿದ್ದು ಬೀದಿ ನಾಯಿಗಳಿಗೆ ಮಾತ್ರ. ವಿಜಯನಗರದಿಂದ ಕೆಂಗೇರಿಯವರೆಗೆ ಯಾವ ಅಡ್ಡರಸ್ತೆಯಲ್ಲಿ ಯಾವ ಬಣ್ಣದ ನಾಯಿ ಅಟ್ಟಿಸಿಕೊಂಡು ಬರುತ್ತಿತ್ತು ಎಂದು ಈಗಲೂ ಹೇಳಬಲ್ಲೆ. ಉಳಿದಂತೆ, ಅತ್ತ ನೆನಪಿಗಿಂತ ನಕ್ಕ ನೆನಪೇ ಹೆಚ್ಚು.

ನನ್ನ ಹುದ್ದೆಯ ಹೆಸರು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಹೆಸರು ಉದ್ದ, ಕೆಲಸ ಸರಳ. ಡಾಕ್ಟರು ರೋಗಿಯನ್ನು ನೋಡುತ್ತಾರೆ, ನಾನು ರೋಗಿಯ ಮನೆಯನ್ನು ನೋಡಿಕೊಂಡು ಬರುತ್ತಿದ್ದೆ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆದರೆ ನೀವೂ ಆಕಳಿಸುತ್ತೀರಿ, ನಾನೂ ಆಕಳಿಸುತ್ತೇನೆ. ನಿಮಗೆ ಉಪಯೋಗಕ್ಕೆ ಬರುವುದು ನನ್ನ ಎಡವಟ್ಟುಗಳು. ಅದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಇಲ್ಲಿ ಬರುವವರ ಹೆಸರು, ಊರು, ಗುರುತು ಎಲ್ಲ ಬದಲಿಸಿದ್ದೇನೆ. ಎಡವಟ್ಟುಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.

ನಮ್ಮ ದೊಡ್ಡ ಡಾಕ್ಟರಿಗೆ ಒಂದು ಅಭ್ಯಾಸವಿತ್ತು. ಬಂದವರು ಅಳುತ್ತಿರಲಿ, ಕೂಗಾಡುತ್ತಿರಲಿ, ಅವರು ಮೊದಲು ಕೇಳುತ್ತಿದ್ದದ್ದು "ನಿದ್ದೆ ಹೇಗಿದೆ?" ಎಂದು. ನಾನು ಆಗ ತಾನೇ ಓದು ಮುಗಿಸಿ ದಾವಣಗೆರೆಯಿಂದ ಬಂದವಳು. ತಲೆ ತುಂಬ ದೊಡ್ಡ ದೊಡ್ಡ ಸಿದ್ಧಾಂತ. ಇದೇನು, ಬಂದವರನ್ನು ನೆಂಟರ ಹಾಗೆ ರಾತ್ರಿ ನಿದ್ದೆ ಬಂತಾ ಅಂತ ವಿಚಾರಿಸುತ್ತಾರಲ್ಲ ಎಂದು ಒಳಗೊಳಗೇ ನಗುತ್ತಿದ್ದೆ.

ಆ ನಗು ನಿಲ್ಲಿಸಿದವರು ರಾಜಾಜಿನಗರದ ಗಣಿತದ ಟೀಚರ್, ಶಾರದಾ. ದೋಸೆ ಕಾವಲಿಗೆ ಅಂಟಿಕೊಂಡರೆ ಅಳು, ಬಸ್ ತಪ್ಪಿದರೆ ಅಳು. ಉತ್ತರಪತ್ರಿಕೆ ತಿದ್ದುವಾಗ ಕಣ್ಣೀರು ಬಿದ್ದು ಮಕ್ಕಳ ಶಾಯಿ ಕಲಸಿಹೋಗುತ್ತಿತ್ತಂತೆ. ನಾನು ಅವರನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಧೈರ್ಯದ ಬಗ್ಗೆ ಭಾಷಣ ಬಿಗಿದೆ. ಆಕೆ ಮತ್ತಷ್ಟು ಅತ್ತರು. ಅಷ್ಟರಲ್ಲಿ ಡಾಕ್ಟರು ಒಳಗೆ ಬಂದು, "ನಿದ್ದೆ ಹೇಗಿದೆಯಮ್ಮಾ?" ಎಂದರು. ಶಾರದಾ ಅಳು ನಿಲ್ಲಿಸಿ ಕೆಂಪಾದರು. ಡಾಕ್ಟರು ಆಚೆ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ನಮ್ಮನೆಯವ್ರು ಗೊರಕೆ ಹೊಡೀತಾರೆ ಮೇಡಂ. ಲಾರಿ ಸ್ಟಾರ್ಟ್ ಮಾಡ್ದಂಗೆ. ಒಂದು ವರ್ಷ ಆಯ್ತು ನಾನು ಸರಿಯಾಗಿ ಮಲಗಿ. ಇದನ್ನೆಲ್ಲ ಡಾಕ್ಟ್ರ ಹತ್ರ ಹೇಳೋದಾ?" ಎಂದರು.

ಗಂಡನನ್ನು ಗಂಟಲಿನ ಡಾಕ್ಟರ ಹತ್ತಿರ ಕಳಿಸಿದೆವು, ಹೆಂಡತಿಯನ್ನು ಬೇರೆ ಕೋಣೆಯಲ್ಲಿ ಮಲಗಿಸಿದೆವು. ತಿಂಗಳೊಳಗೆ ಶಾರದಾ ಡಬ್ಬಿ ತುಂಬ ಕೋಡುಬಳೆ ಮಾಡಿಕೊಂಡು ಬಂದರು. ಅವರಿಗೆ ಮಾತ್ರೆಯೂ ಬೇಕಾಗಿತ್ತು, ಡಾಕ್ಟರು ಕೆಲವು ತಿಂಗಳು ಕೊಟ್ಟರು ಕೂಡ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೋಡುಬಳೆ ತಿಂದ ಸಂತೋಷದಲ್ಲಿ ನಾನು ಅದನ್ನು ಮರೆತೆ. ಅಲ್ಲಿಂದ ಮುಂದೆ ಯಾರು ಏನು ಹೇಳಿಕೊಂಡರೂ ನಿದ್ದೆ, ನಿದ್ದೆ ಎಂದು ಜಪ ಮಾಡತೊಡಗಿದೆ. ಡಾಕ್ಟರು ಒಂದು ದಿನ, "ಗಿರಿಜಾ ಅವರೇ, ಎಲ್ಲ ಗಾಯಕ್ಕೂ ಅರಿಶಿನ ಹಚ್ಚಬೇಡಿ. ದುಃಖ ಇದ್ದೋರಿಗೆ ನಿದ್ದೆ ಬರಲ್ಲ, ನಿದ್ದೆ ಬರದೋರಿಗೆ ದುಃಖ ಬರುತ್ತೆ. ಎರಡೂ ಕಡೆಯಿಂದ ನೋಡಬೇಕು" ಎಂದು ಗದರಿದರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಹಿರಿಯರು ಅರ್ಧ ಗಾದೆ ಮಾಡಿ ಬಿಟ್ಟಿದ್ದಾರೆ. ಉಳಿದರ್ಧವನ್ನು ನನಗೆ ಕಲಿಸಿದವರು ನಾಗರಬಾವಿಯ ಹನುಮೇಗೌಡರು.

ಗೌಡರದು ಹಳೆಯ ಊರಿನ ಒಕ್ಕಲುತನದ ಮನೆತನ. ಹೊಲವಿದ್ದ ಕಡೆ ಬಡಾವಣೆ ಬಂತು, ಗೌಡರು ಮೂರಂತಸ್ತು ಕಟ್ಟಿಸಿ ಕೆಳಗೆ ತಾವಿದ್ದುಕೊಂಡು ಮೇಲಿನ ಕೋಣೆಗಳನ್ನು ಕಾನೂನು ಕಾಲೇಜಿನ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದರು. ಮೊದಲು ನನಗೆ ಫೋನ್ ಬಂದದ್ದು ಅವರ ಹೆಂಡತಿ ಜಯಮ್ಮನಿಂದ, ಅದೂ ತುಮಕೂರಿನಿಂದ. ವಾಡಿಕೆಯಂತೆ ಮಗಳೇ ಹೆರಿಗೆಗೆ ತವರಿಗೆ ಬರಬೇಕಿತ್ತು. ಪ್ರಯಾಣ ಬೇಡವೆಂದು ಅಲ್ಲಿನ ಡಾಕ್ಟರು ಹೇಳಿದ್ದರಿಂದ ತಾಯಿಯೇ ಮಗಳ ಮನೆಗೆ ಹೋಗಿದ್ದರು. ಮೊದಲ ಮೊಮ್ಮಗಳು ಹುಟ್ಟಿ ಎರಡು ತಿಂಗಳಾಗಿತ್ತು, ಗೌಡರು ಒಂದು ಸಲವೂ ಹೋಗಿ ಮುಖ ನೋಡಿರಲಿಲ್ಲ.

"ನಮ್ಮೆಜಮಾನ್ರು ಮನೆ ಬಿಟ್ಟು ಬರಲ್ಲ ಅಂತಾರೆ ಮೇಡಂ. ಬಂದ್ರೆ ಮನೆ ಹೋಗುತ್ತಂತೆ. ಎಲ್ಲಿಗೆ ಹೋಗುತ್ತೆ, ಅದೇನ್ ಬಸ್ಸಾ?" ಎಂದರು ಜಯಮ್ಮ. ನಗುತ್ತಲೇ ಶುರುಮಾಡಿದವರು ಆಮೇಲೆ ಅತ್ತರು. "ಮುಂದಿನ ತಿಂಗಳು ನಾಮಕರಣ. ತೊಟ್ಟಿಲು ತವರಿಂದ ಬರ್ಬೇಕು. ಅವರ ಅಜ್ಜಿ ಕಾಲದ್ದು, ಅಟ್ಟದ ಮೇಲಿದೆ. ಅಜ್ಜನೇ ಬರ್ಲಿಲ್ಲ ಅಂದ್ರೆ ನನ್ ಮಗಳು ಜನದ ಮುಂದೆ ಹೆಂಗೆ ತಲೆ ಎತ್ತಾಳೆ?"

ಮನೆಭೇಟಿಗೆ ನಮ್ಮಲ್ಲೊಂದು ನಿಯಮವಿದೆ, ನೀವೂ ಪಾಲಿಸಿ: ಕೊಟ್ಟ ಕಾಫಿ ಬೇಡ ಎನ್ನಬಾರದು. ಕಾಫಿ ಬೇಡ ಎಂದವರಿಗೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಗೌಡರು ನನಗೊಂದು ದೊಡ್ಡ ಲೋಟ ಕೊಟ್ಟು, ತಮಗೂ ಬಗ್ಗಿಸಿಕೊಂಡರು. ನಾನು ಒಂದು ಲೋಟ ಮುಗಿಸುವಷ್ಟರಲ್ಲಿ ಅವರು ಮೂರು ಮುಗಿಸಿದರು. ಮಹಡಿ ಮೆಟ್ಟಿಲ ಬುಡದಲ್ಲಿ ಒಂದು ಕುರ್ಚಿ, ಕುರ್ಚಿಯ ಮೇಲೆ ಕಂಬಳಿ ಮತ್ತು ಟಾರ್ಚು, ಪಕ್ಕದಲ್ಲಿ ಕಾಫಿಯ ಫ್ಲಾಸ್ಕು. ಕಾವಲಿನ ಜಾಗ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಕಿವಿಯಾರೆ ಕೇಳಿದೀನಿ ಮೇಡಂ," ಎಂದರು ಗೌಡರು ದನಿ ತಗ್ಗಿಸಿ. "ಬೆಳಿಗ್ಗೆ ಐದು ಗಂಟೆಗೆ ಮೇಲೆ ಮಾತಾಡ್ಕೋತಾರೆ. ಮಾಲೀಕ ಸುಮ್ನಿದ್ರೆ ಹನ್ನೆರಡು ವರ್ಷ ಆದ್ಮೇಲೆ ಆಸ್ತಿ ಸ್ವಾಧೀನದಲ್ಲಿರೋರ್ದೇ ಅಂತ. ಒಬ್ಳು ಹೇಳ್ತಾಳೆ, ಇನ್ನೊಬ್ಳು ಹೂಂ ಅಂತಾಳೆ. ನಾನ್ ಸುಮ್ನಿರ್ತೀನಾ? ತಿಂಗಳ ಕೊನೇಗೆ ಎಲ್ರೂ ಖಾಲಿ ಮಾಡಿ ಅಂದಿದೀನಿ."

ನನಗೆ ನಗು ತಡೆಯಲಾಗಲಿಲ್ಲ. ಕಾನೂನು ಓದುವ ಹುಡುಗಿಯರು ಆಸ್ತಿ ಕಾನೂನಿನ ಪಾಠವನ್ನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದರು, ಅಷ್ಟೇ. "ಅಯ್ಯೋ ಗೌಡ್ರೇ, ಅದು ಪರೀಕ್ಷೆ ಪಾಠ" ಎಂದೆ. ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, "ಓಹೋ. ನಿಮಗೂ ಹೇಳ್ಕೊಟ್ಟು ಕಳ್ಸಿದಾರೆ" ಎಂದರು. ಎರಡನೇ ಲೋಟ ಕಾಫಿ ನನಗೆ ಸಿಗಲಿಲ್ಲ.

ಗೇಟಿನ ಹತ್ತಿರ ಸಂಗೀತಾ ಎಂಬ ಹುಡುಗಿ ಕಾಯುತ್ತಿದ್ದಳು. ಬಾಗಲಕೋಟೆ ಕಡೆಯವಳು, ಮೇಲಿನ ಕೋಣೆಯವಳು. ಗೌಡರ ಸ್ಥಿತಿಯನ್ನು ಜಯಮ್ಮನಿಗೆ ತಿಳಿಸಿದ್ದವಳೇ ಅವಳು. "ಗೌಡ್ರು ಭಾಳ ಒಳ್ಳೇವ್ರು ರೀ ಮೇಡಂ. ಮೊದ್ಲ ನಾವು ಪರೀಕ್ಷಾಕ್ಕ ಹೊಂಟ್ರ ಬಾಳೆಹಣ್ಣು ಕೊಟ್ಟು ಕಳಸ್ತಿದ್ರು. ಈಗ ನಕ್ರೂ ಸಿಟ್ಟು, ಸುಮ್ನಿದ್ರೂ ಸಿಟ್ಟು. ಮನಿ ಬಿಡೂದು ದೊಡ್ಡದಲ್ರೀ. ಅವ್ರಿಗೆ ಏನರ ಆದ್ರ?" ಎಂದಳು. ಯಾರನ್ನು ಗೌಡರು ಶತ್ರು ಎಂದುಕೊಂಡಿದ್ದರೋ ಅವಳು ಅವರಿಗಾಗಿ ಬಿಸಿಲಲ್ಲಿ ನಿಂತಿದ್ದಳು.

ಡಾಕ್ಟರು ನನ್ನ ವರದಿ ಕೇಳಿ ಹಣೆ ಚಚ್ಚಿಕೊಂಡರು. "ಸಂಶಯದ ಜೊತೆ ವಾದ ಮಾಡಬೇಡಿ. ಹೌದು ಅಂತಲೂ ಅನ್ನಬೇಡಿ. ನಿದ್ದೆ ವಿಷಯ ಮಾತಾಡಿ. ಅದರಲ್ಲಿ ನಿಮಗೂ ಅವರಿಗೂ ಜಗಳ ಇಲ್ಲ." ಅವರು ಹೇಳಿದ್ದು ಸರಿಯಾಗಿತ್ತು. ಮತ್ತೆ ಹೋಗಿ ನಿದ್ದೆಯ ಬಗ್ಗೆ ಕೇಳಿದಾಗ ಗೌಡರು ಕುರ್ಚಿಯಲ್ಲಿ ಕುಸಿದರು. ಮೂವತ್ತಾರು ವರ್ಷ ಜಯಮ್ಮನ ಪಕ್ಕ ಮಲಗಿದವರು. ಆಕೆ ತುಮಕೂರಿಗೆ ಹೋದ ದಿನದಿಂದ ನಿದ್ದೆ ಹತ್ತಿರ ಸುಳಿದಿರಲಿಲ್ಲ. ಊಟ ರುಚಿಸದು, ಅರಳಿಕಟ್ಟೆಗೆ ಹೋಗಿ ಗೆಳೆಯರ ಜೊತೆ ಹರಟುವುದೂ ಬೇಡ. "ಮಗಳಿಗೂ ನಾನು ಬ್ಯಾಡಾದೆ ಅನ್ಸುತ್ತೆ ಮೇಡಂ. ನಗಬ್ಯಾಡಿ, ಒಂದ್ ಮಾತು ಹೇಳ್ತೀನಿ. ನಮ್ಮವಳ ಗೊರಕೆ ಇಲ್ದೆ ಮನೆ ಬಿಕೋ ಅನ್ನುತ್ತೆ." ನನಗೆ ಶಾರದಾ ಟೀಚರ್ ನೆನಪಾದರು. ಒಬ್ಬರ ನಿದ್ದೆ ಗೊರಕೆಯಿಂದ ಹೋಯಿತು, ಇನ್ನೊಬ್ಬರದು ಗೊರಕೆಯಿಲ್ಲದೆ ಹೋಯಿತು. ಸಂಸಾರ ಎಂದರೆ ಇದೇ.

ಗೌಡರು ಚಿಕಿತ್ಸಾಲಯಕ್ಕೆ ಬಂದರು. ಡಾಕ್ಟರು ರಕ್ತ, ಬಿ.ಪಿ. ಎಲ್ಲ ನೋಡಿ, ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ನಿದ್ದೆಗೆಟ್ಟ ತಲೆ ಎಲ್ಲ ಸದ್ದನ್ನೂ ತನ್ನ ಹೆಸರಿಗೆ ಬಂದ ಕಾಗದ ಅಂತಲೇ ಓದುತ್ತೆ ಗೌಡ್ರೇ. ಮೊದಲು ನಿದ್ದೆ ಸರಿಮಾಡೋಣ. ವಾರ ವಾರ ಬನ್ನಿ. ಸಂಶಯ ಹಾಗೇ ಉಳಿದ್ರೆ ಅದಕ್ಕೂ ಔಷಧಿ ಇದೆ" ಎಂದರು. ನಿದ್ದೆಯ ಲೆಕ್ಕ ಬರೆಸುವ ಕೆಲಸ ನನಗೆ ಬಿತ್ತು.

ಇಲ್ಲಿದೆ ನೋಡಿ ನನ್ನ ಜೀವಮಾನದ ಎಡವಟ್ಟು. ನಮ್ಮಲ್ಲಿ ಆಗ ಒಂದು ಅಚ್ಚು ಮಾಡಿಸಿದ ಪಟ್ಟಿ ಇತ್ತು. ದಿನಕ್ಕೆ ಇಪ್ಪತ್ತನಾಲ್ಕು ಚೌಕದ ಮನೆ, ಗಂಟೆಗೊಂದು. ಎಚ್ಚರವೋ ನಿದ್ದೆಯೋ ಎಂದು ಪ್ರತಿ ಮನೆಯಲ್ಲೂ ಬರೆಯಬೇಕು. ಗೌಡರು ಹಾಳೆ ಹರಿದುಹೋದೀತೆಂದು ಆ ಮನೆಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಸ್ಕೇಲಿಟ್ಟು ಗೆರೆ ಎಳೆದುಕೊಂಡರು. ನಾನು ದೊಡ್ಡ ಮೇಷ್ಟರ ಹಾಗೆ, "ಒಂದು ಗಂಟೆನೂ ಬಿಡಬಾರದು ಗೌಡ್ರೇ" ಎಂದು ಬೆರಳು ಆಡಿಸಿ ಹೇಳಿ ಕಳಿಸಿದೆ.

ಒಂದು ವಾರದ ನಂತರ ಗೌಡರು ಬಂದರು. ಪುಸ್ತಕ ನೋಡಿ ನನ್ನ ಮುಖ ಅರಳಿತು. ಮುತ್ತಿನಂಥ ಅಕ್ಷರ, ತೆರೆದ ಮೊದಲ ಪುಟದಲ್ಲಿ ಒಂದು ಮನೆಯೂ ಖಾಲಿಯಿಲ್ಲ. ಹನ್ನೊಂದು ಗಂಟೆ: ನಿದ್ದೆ ಬಂದಿತ್ತು. ಹನ್ನೆರಡು: ನಿದ್ದೆಯಲ್ಲಿದ್ದೆ. ಒಂದು: ಗಾಢ ನಿದ್ದೆ.

"ಭೇಷ್ ಗೌಡ್ರೇ! ಚೆನ್ನಾಗೇ ನಿದ್ದೆ ಮಾಡ್ತಾ ಇದೀರಲ್ಲ!" ಎಂದೆ.

ಗೌಡರು ಕೆಂಡದಂಥ ಕಣ್ಣು ಮಾಡಿಕೊಂಡು ನನ್ನನ್ನು ನೋಡಿದರು. "ಎಲ್ಲಿ ಮೇಡಂ? ಗಂಟೆಗೊಂದ್ಸಲ ಅಲಾರಾಂ ಇಟ್ಕೊಂಡು ಎದ್ದು ಬರೀಬೇಕಲ್ಲ! ನಿದ್ದೆ ಹತ್ತೋ ಹೊತ್ಗೆ ನಿಮ್ ಮನೆ ತುಂಬ್ಸೋ ಹೊತ್ತಾಗಿರುತ್ತೆ."

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ನಿದ್ದೆ ಬರಿಸಲು ಕೊಟ್ಟ ಪುಸ್ತಕ ಇದ್ದಬದ್ದ ನಿದ್ದೆಯನ್ನೂ ಕಿತ್ತುಕೊಂಡಿತ್ತು. ಸಂಶಯವೂ ಆ ವಾರ ಬೆಳೆದಿತ್ತು. ಪುಸ್ತಕದ ಅಂಚಿನಲ್ಲಿ ಗೌಡರು ತಾವಾಗಿಯೇ ಷರಾ ಬರೆದಿದ್ದರು. ತಾರಸಿಯ ಮೇಲೆ ಕೆಂಪು ದುಪಟ್ಟಾ ಒಣಗಿಸಿದರೆ ಮಾಲೀಕ ಮನೆಯಲ್ಲಿದ್ದಾನೆ ಎಂದು ಗುರುತು, ಹಸಿರು ಒಣಗಿಸಿದರೆ ಇಲ್ಲ ಎಂದು ಗುರುತು. ಹಾಲಿನವನು ಎರಡು ಸಲ ಬೆಲ್ ಮಾಡಿದ್ದು ಏಕೆ? ಹೀಗೆ ಸಾಲು ಸಾಲು.

ಡಾಕ್ಟರು ಬೈಯುತ್ತಾರೆ ಎಂದು ತಲೆ ತಗ್ಗಿಸಿ ಪುಸ್ತಕವನ್ನು ಅವರ ಮುಂದಿಟ್ಟೆ. ಅವರು ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಪುಟ ತಿರುವುತ್ತಿದ್ದವರು ಗುರುವಾರದ ಪುಟದಲ್ಲಿ ನಿಂತುಬಿಟ್ಟರು. ಆ ಪುಟದಲ್ಲಿ ಹನ್ನೆರಡರಿಂದ ಐದರವರೆಗೆ ಎಲ್ಲ ಮನೆಗಳೂ ಖಾಲಿ.

"ಇದ್ಯಾಕೆ ಗೌಡ್ರೇ?"

"ತಪ್ಪಾಯ್ತು ಸಾರ್," ಎಂದರು ಗೌಡರು, ಹೋಂವರ್ಕ್ ಮರೆತವರ ಹಾಗೆ. "ಅವತ್ತು ಗಡಿಯಾರದ ಸೆಲ್ ಮುಗಿದೋಗಿತ್ತು. ಎಚ್ಚರಾನೇ ಆಗ್ಲಿಲ್ಲ."

"ಪರವಾಗಿಲ್ಲ. ಆವತ್ತಿನ ಷರಾ ಓದಿ."

ಗೌಡರು ಕನ್ನಡಕ ಹಾಕಿಕೊಂಡು ಓದಿದರು. "ಹಿತ್ತಲಲ್ಲಿ ದಾಸವಾಳ ಬಿಟ್ಟಿದೆ."

"ಅಷ್ಟೇನಾ?"

"ಅಷ್ಟೇ ಸಾರ್."

"ಬುಧವಾರದ್ದು ಓದಿ."

ಬುಧವಾರದ್ದು ಒಂದೂವರೆ ಪುಟವಿತ್ತು. ಗೌಡರು ಜೋರಾಗಿ ಓದಲು ಶುರುಮಾಡಿ, ದನಿ ಇಳಿಸುತ್ತ ಬಂದು, ಕೆಂಪು ದುಪಟ್ಟಾದ ಹತ್ತಿರ ನಿಲ್ಲಿಸಿದರು. ಮತ್ತೆ ಗುರುವಾರಕ್ಕೆ ತಿರುಗಿಸಿದರು. ಆಮೇಲೆ ಶುಕ್ರವಾರ. ಅಲಾರಾಮಿಗೆ ಹೊಸ ಸೆಲ್ ಬಂದಿತ್ತು, ಷರಾ ಮತ್ತೆ ಪುಟ ತುಂಬಿತ್ತು. ಎಲ್ಲವೂ ಅವರದೇ ಕೈಬರಹ.

"ಗುರುವಾರವೂ ದುಪಟ್ಟಾ ಒಣಗಾಕಿದ್ರು ಸಾರ್," ಎಂದರು ಗೌಡರು ನಿಧಾನಕ್ಕೆ. "ಕೆಂಪೇ. ಆದ್ರೆ ಅವತ್ತು ನನ್ ಕಣ್ಣಿಗೆ ಬಿದ್ದಿದ್ದು ದಾಸವಾಳ ಮಾತ್ರ."

ನಾನು ನೂರು ಸಲ ವಾದಿಸಿದ್ದರೂ ಆಗದ ಕೆಲಸ ಒಂದು ಸತ್ತ ಸೆಲ್‌ನಿಂದ ಆಗಿತ್ತು. ನಿದ್ದೆ ಇಲ್ಲದವನಿಗೆ ಮನೆಯೇ ಸಂತೆ ಎಂದು ಗಾದೆಯ ಉಳಿದರ್ಧವನ್ನು ನಾನು ಕಟ್ಟಿಕೊಂಡದ್ದು ಆ ದಿನವೇ. ನನಗೆ ಎಷ್ಟು ಸಂತೋಷವಾಯಿತೆಂದರೆ, ಮನೆಗೆ ಹೋಗುವ ದಾರಿಯಲ್ಲಿ ದಿನಾ ಅಟ್ಟಿಸಿಕೊಂಡು ಬರುತ್ತಿದ್ದ ಕಂದು ನಾಯಿಗೂ ಒಂದು ಬನ್ ಹಾಕಿದೆ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮೊದಲು ಗಡಿಯಾರವನ್ನು ಮಲಗುವ ಕೋಣೆಯಿಂದ ಆಚೆ ಹಾಕಿದೆವು. ಮಧ್ಯಾಹ್ನದ ಮೇಲೆ ಕಾಫಿ ಬಂದ್. ಅದಕ್ಕೆ ಗೌಡರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಹಗಲು ನಿದ್ದೆ ಇಲ್ಲ, ಎಷ್ಟೇ ಹೊತ್ತಿಗೆ ಮಲಗಿದರೂ ಏಳುವುದು ಐದೂವರೆಗೆ. ಕಣ್ಣು ತೂಗಿದಾಗ ಮಾತ್ರ ಹಾಸಿಗೆ. ಕಾವಲಿನ ಕುರ್ಚಿಯ ವಿಷಯಕ್ಕೆ ದೊಡ್ಡ ಪಂಚಾಯಿತಿಯೇ ಆಯಿತು. ಕೊನೆಗೆ, ಒಂಬತ್ತಕ್ಕೆ ಗೇಟಿನ ಬೀಗ ಒಂದೇ ಸಲ ಎಳೆದು ನೋಡುವುದು, ಕೀಲಿ ದಿಂಬಿನ ಕೆಳಗೆ ಇಟ್ಟುಕೊಳ್ಳುವುದು ಎಂದು ಒಪ್ಪಂದವಾಗಿ ಕುರ್ಚಿ ಹಿತ್ತಲಿಗೆ ಹೋಯಿತು. ಸಂಶಯಕ್ಕೂ ಡಾಕ್ಟರು ಒಂದು ಸಮಯ ಗೊತ್ತುಮಾಡಿದರು. ಸಂಜೆ ಆರರಿಂದ ಆರೂವರೆ, ಜಗಲಿಯ ಮೇಲೆ ಕೂತು ಏನೇನು ಅನುಮಾನ ಇದೆಯೋ ಅಷ್ಟನ್ನೂ ಅಲ್ಲೇ ಬರೆದು ಮುಗಿಸಬೇಕು. ನಿದ್ದೆಯ ಲೆಕ್ಕವೂ ಬೆಳಿಗ್ಗೆ ಎದ್ದ ಮೇಲೆ ಒಂದೇ ಸಾಲು, ಅದೂ ಅಂದಾಜು. ನಾನು ಆ ಅಚ್ಚಿನ ಪಟ್ಟಿಯ ಕಟ್ಟನ್ನು ರದ್ದಿಗೆ ಹಾಕಿದೆ.

ಮೂರನೇ ವಾರ ನಾನು ಹೋದಾಗ ಸಂಜೆ ಆರು ಗಂಟೆ. ಜಗಲಿಯ ಮೇಲೆ ಗೌಡರು ಕಾನೂನಿನ ದಪ್ಪ ಪುಸ್ತಕ ಹಿಡಿದು ಕೂತಿದ್ದಾರೆ, ಎದುರಿಗೆ ಸಂಗೀತಾ ಕೈಕಟ್ಟಿ ನಿಂತಿದ್ದಾಳೆ. ಮತ್ತೆ ಜಗಳ ಶುರುವಾಯಿತೇನೋ ಎಂದು ಗೇಟಿನಲ್ಲೇ ನಿಂತೆ.

"ಬಾಡಿಗೆ ಕೊಡೋರು ಹನ್ನೆರಡು ವರ್ಷ ಇದ್ರೆ ಮಾಲೀಕರಾಗ್ತಾರಾ? ಹೇಳು," ಎಂದರು ಗೌಡರು ಕಟ್ಟುನಿಟ್ಟಾಗಿ.

"ಆಗೂದಿಲ್ರೀ. ಮಾಲೀಕನ ಒಪ್ಪಿಗಿಯಿಂದ ಇರೋರು ಅವ್ರು."

"ಇನ್ನೊಂದ್ಸಲ ಹೇಳು, ಜೋರಾಗಿ!"

ಅವಳು ಜೋರಾಗಿ ಹೇಳಿದಳು. ಗೌಡರು ನನ್ನ ಕಡೆ ತಿರುಗಿ, "ಈ ಹುಡ್ಗಿ ಪಾಸಾಗ್ತಾಳೆ ಮೇಡಂ" ಎಂದರು. ನಕ್ಕೂ ನಕ್ಕೂ ನನ್ನ ಕಣ್ಣಲ್ಲಿ ನೀರು ಬಂತು. ಮನೆ ಖಾಲಿ ಮಾಡಬೇಕೆಂಬ ಮಾತು ಹಿಂದಕ್ಕೆ ಹೋಗಿತ್ತು. ಆದರೆ ತುಮಕೂರಿನ ಮಾತೆತ್ತಿದರೆ ಮಾತ್ರ ಗೌಡರು ಇನ್ನೂ ಬೀಗದ ಕಡೆ ನೋಡುತ್ತಿದ್ದರು. ಮನೆ ಬಿಟ್ಟು ಹೋಗಿ ಒಂದು ಹೊತ್ತು ಇರಬಲ್ಲರೇ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಈಚೆಗೆ ನನ್ನ ಬಳಿ ಬರುವ ಹುಡುಗಿಯರ ಕೈಯಲ್ಲಿ ಒಂದು ಗಡಿಯಾರವಿರುತ್ತದೆ. ನಿದ್ದೆಗೂ ಅದು ಮಾರ್ಕ್ಸ್ ಕೊಡುತ್ತದಂತೆ. "ಮೊನ್ನೆ ಕಮ್ಮಿ ಬಂತು ಮೇಡಂ, ಅದನ್ನೇ ಯೋಚನೆ ಮಾಡ್ತಾ ನಿನ್ನೆ ರಾತ್ರಿ ಮಲಗಕ್ಕೇ ಆಗ್ಲಿಲ್ಲ" ಎಂದು ಒಬ್ಬಳು ಹೇಳಿದಳು. ಗೌಡರ ಅಲಾರಾಮು ಈಗ ಮಣಿಕಟ್ಟಿಗೆ ಬಂದಿದೆ, ಅಷ್ಟೇ. ಕಟ್ಟಿಕೊಳ್ಳಬೇಡಿ ಎನ್ನುವುದಿಲ್ಲ. ನಿಮ್ಮ ರೋಗಿಗಳಿಗೆ ಕಟ್ಟಿಸುವ ಮುಂಚೆ ನನ್ನ ಪಟ್ಟಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ.

ನಾಮಕರಣದ ಹಿಂದಿನ ದಿನ ಬೆಳಿಗ್ಗೆ ಸಂಗೀತಾ ಫೋನ್ ಮಾಡಿ, "ಲಗೂನ ಬರ್ರಿ ಮೇಡಂ" ಎಂದಳು. ಆಟೋ ಹಿಡಿದು ಹೋದೆ. ಮನೆ ಮುಂದೆ ಕಾರು ನಿಂತಿತ್ತು. ಮೇಲಿನ ಹುಡುಗಿಯರೆಲ್ಲ ಸೇರಿ ಅಟ್ಟದಿಂದ ತೊಟ್ಟಿಲು ಇಳಿಸಿ, ಧೂಳು ಒರೆಸಿ, ಎಣ್ಣೆ ತಿಕ್ಕಿ ಮಿಂಚಿಸಿದ್ದರು. ಕಾರಿನ ಮೇಲೆ ಕಟ್ಟಿದ್ದೂ ಅವರೇ. ಹಗ್ಗ ಸಾಲದೆ ಒಂದು ಕಡೆ ಕೆಂಪು ದುಪಟ್ಟಾದಲ್ಲಿ ಬಿಗಿದಿದ್ದರು. ಗೌಡರು ಬಿಳಿ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಬೀಗ ಹಾಕಿದರು, ಎಳೆದು ನೋಡಿದರು. ಮತ್ತೊಮ್ಮೆ ಎಳೆಯಲು ಕೈ ಎತ್ತಿ, ನನ್ನನ್ನು ನೋಡಿ ಇಳಿಸಿದರು. ಕಾರಿನವರೆಗೆ ಹೋದರು, ವಾಪಸ್ ಬಂದರು.

ಗೌಡರು ಕೀಲಿಗೊಂಚಲನ್ನು ಸಂಗೀತಾಳ ಕೈಗೆ ಹಾಕಿದರು.

"ಹನ್ನೆರಡು ವರ್ಷ ಏನಲ್ಲ ಕಣಮ್ಮಾ," ಎಂದರು. "ಮೂರೇ ದಿನ. ಬಂದ್ಬಿಡ್ತೀನಿ."

ನಾಲ್ಕು ದಿನ ಬಿಟ್ಟು ಜಯಮ್ಮನನ್ನೂ ಕರೆದುಕೊಂಡು ಚಿಕಿತ್ಸಾಲಯಕ್ಕೆ ಬಂದರು. ಜಯಮ್ಮ ಒಂದು ಡಬ್ಬಿ ಎಳ್ಳಿನ ಚಿಗಳಿ ಉಂಡೆ ಕೊಟ್ಟರು. ಗೌಡರು ನೋಟ್‌ಪುಸ್ತಕವನ್ನು ನನ್ನ ಮುಂದೆ ತಳ್ಳಿದರು. ಅದನ್ನು ಆಮೇಲೆ ನನಗೇ ಕೊಟ್ಟುಬಿಟ್ಟರು, ಈಗಲೂ ನನ್ನ ಬೀರುವಿನಲ್ಲಿದೆ. ನಾಮಕರಣದ ಮರುದಿನದ ಪುಟದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಇಷ್ಟು ಬರೆದಿದ್ದಾರೆ:

"ತೊಟ್ಟಿಲು ತೂಗುತ್ತಾ ಕೂತಿದ್ದೆ. ನನಗೆ ಎಷ್ಟು ಹೊತ್ತಿಗೆ ನಿದ್ದೆ ಬಂತೋ ಗೊತ್ತಿಲ್ಲ. ಪಾಪು ಎಚ್ಚರವಾಗಿತ್ತಂತೆ, ಅದನ್ನು ಕೇಳಿ."